ಗೆಳತಿ ದೂರವಾಗುತ್ತಿದ್ದಾಳೆ ಅನ್ನಿಸಿದಾಗ ಒರಾಕಲ್ ಕಾರ್ಡ್ ನೋಡಬಹುದಾ?

ನಿಮ್ಮ ಹಳೆಯ ಗೆಳತಿ ಈಚೆಗೆ ಮೊದಲಿನ ಹಾಗೆ ಮಾತಾಡುತ್ತಿಲ್ಲ. ನಿಮ್ಮ ಕೈಯಲ್ಲಿ ಒಂದು ಕಟ್ಟು ಒರಾಕಲ್ ಕಾರ್ಡ್ ಇದೆ, ಅಂದರೆ ಪ್ರಶ್ನೆ ಕೇಳಿ ತೆಗೆದು ನೋಡುವ ಚಿತ್ರದ ಎಲೆಗಳು. ಅವಳ ಮನಸ್ಸಿನಲ್ಲಿ ಏನಿದೆ ಅಂತ ಅದರಿಂದ ತಿಳಿಯುತ್ತದಾ, ಗೆಳೆತನ ಉಳಿಸಿಕೊಳ್ಳಲು ಅದರಿಂದ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು.

ಮೊದಲನೆಯದಕ್ಕೆ ಉತ್ತರ: ಇಲ್ಲ. ಅವಳ ಮನಸ್ಸಿನಲ್ಲಿರುವುದು ಕಾರ್ಡಿಗೆ ಗೊತ್ತಿಲ್ಲ, ಅದನ್ನು ಅವಳೇ ಹೇಳಬೇಕು. ಎರಡನೆಯದಕ್ಕೆ: ಹೌದು, ಖಂಡಿತ ಉಪಯೋಗ ಇದೆ. ಈ ಗೆಳೆತನದಲ್ಲಿ ನಿಮ್ಮ ಕಡೆಯ ಪಾಲು ಹೇಗಿದೆ ಅಂತ ನಿಧಾನವಾಗಿ ನೋಡಿಕೊಳ್ಳಲು ಕಾರ್ಡ್ ಚೆನ್ನಾಗಿ ನೆರವಾಗುತ್ತದೆ. ನಾನು ಅದನ್ನು ಬಳಸುವುದು ಇದಕ್ಕೇ.

ಟ್ಯಾರೋ ಎಂಬ ಇನ್ನೊಂದು ಬಗೆಯ ಕಾರ್ಡ್ ಮತ್ತು ಒರಾಕಲ್ ಒಂದೇ ಅಂತ ತುಂಬ ಜನ ತಿಳಿದಿರುತ್ತಾರೆ. ಟ್ಯಾರೋದಲ್ಲಿ ಸಾಮಾನ್ಯವಾಗಿ 78 ಕಾರ್ಡ್ ಇರುತ್ತವೆ, ಅದಕ್ಕೊಂದು ಗೊತ್ತಾದ ಕ್ರಮ ಇದೆ. 15ನೇ ಶತಮಾನದ ಇಟಲಿಯಲ್ಲಿ ಅದು ಆಟದ ಎಲೆಯಾಗಿತ್ತು. ಭವಿಷ್ಯ ನೋಡಲು ಬಳಸುವ ರೂಢಿ 18ನೇ ಶತಮಾನದಲ್ಲಿ ಹರಡಿತು. ಒರಾಕಲ್ ಕಾರ್ಡಿಗೆ ಅಂಥ ಕಟ್ಟುಪಾಡು ಇಲ್ಲ. ಎಷ್ಟು ಕಾರ್ಡ್, ಯಾವ ಚಿತ್ರ, ಏನು ಮಾತು, ಎಲ್ಲ ಮಾಡಿದವರ ಇಷ್ಟ. 36 ಕಾರ್ಡಿನ ಲೆನೊರ್ಮಾನ್ ಅಂತ ಒಂದು ಹಳೆಯ ಬಗೆ ಇದೆ. ಅದರ 18ನೇ ಕಾರ್ಡ್ ನಾಯಿ, ಅರ್ಥ ನಂಬಿಗಸ್ತ ಗೆಳೆಯ. ನನಗೆ ಅದು ತುಂಬ ಇಷ್ಟ. ಆದರೆ ಇದ್ಯಾವುದನ್ನೂ ಕಲಿತೇ ಶುರು ಮಾಡಬೇಕು ಅಂತಿಲ್ಲ.

ಕಾರ್ಡ್ ಯಾವಾಗಲೂ ನಮಗೇ ಹೇಳಿದ ಹಾಗೆ ಯಾಕೆ ಅನ್ನಿಸುತ್ತದೆ ಎನ್ನುವುದನ್ನು ಮಾತ್ರ ತಿಳಿದುಕೊಂಡಿರಿ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ ವಿದ್ಯಾರ್ಥಿಗಳಿಗೆ ‘ಇದು ನಿಮ್ಮ ಸ್ವಭಾವದ ವಿವರ’ ಅಂತ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4ಕ್ಕಿಂತ ಜಾಸ್ತಿ ಬಂತು. ಆದರೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಯಾರಿಗಾದರೂ ಹೊಂದುವ ಮಾತು ಎಲ್ಲರಿಗೂ ತಮ್ಮದೇ ಅನ್ನಿಸಿತ್ತು. ಕಾರ್ಡಿನಲ್ಲೂ ಆಗುವುದು ಇದೇ. ‘ಕ್ಷಮೆ’ ಎಂಬ ಕಾರ್ಡ್ ಬಂದರೆ ಯಾರಿಗೆ ತಾನೇ ಏನೂ ನೆನಪಾಗುವುದಿಲ್ಲ?

ಇದನ್ನು ಕೇಳಿ ಕೆಲವರು ಕಾರ್ಡ್ ಎತ್ತಿಟ್ಟುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ‘ಕ್ಷಮೆ’ ಅಂದಾಗ ಇರುವ ಅಷ್ಟು ನೆನಪುಗಳಲ್ಲಿ ಯಾವುದು ಮೊದಲು ಎದ್ದು ಬಂತು ಎನ್ನುವುದು ನಿಮ್ಮದೇ ಸಂಗತಿ. ಕಾರ್ಡ್ ಎಲ್ಲರಿಗೂ ಒಂದೇ, ಎದ್ದು ಬರುವುದು ಒಬ್ಬೊಬ್ಬರಿಗೆ ಒಂದೊಂದು. ನೋಡಬೇಕಾದ್ದು ಅದನ್ನು.

ಹಾಗಾಗಿ ಎಲ್ಲಕ್ಕಿಂತ ಮುಖ್ಯ ನೀವು ಕೇಳುವ ಪ್ರಶ್ನೆ. ‘ಅವಳು ಯಾಕೆ ಹೀಗೆ ಮಾಡುತ್ತಿದ್ದಾಳೆ?’ ಅಂತ ಕೇಳಿ ಕಾರ್ಡ್ ತೆಗೆದರೆ ನೀವು ಕಥೆ ಕಟ್ಟಲು ಶುರು ಮಾಡುತ್ತೀರಿ. ಮುಖವಾಡದ ಚಿತ್ರ ಬಂತು ಅಂದುಕೊಳ್ಳಿ. ಅವಳು ಏನೋ ಮುಚ್ಚಿಡುತ್ತಿದ್ದಾಳೆ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಪಾಪ, ಅವಳಿಗೆ ಕೆಲಸ ಜಾಸ್ತಿ ಇರಬಹುದು, ಮೈ ಸರಿ ಇಲ್ಲದಿರಬಹುದು. ನಾಳೆ ಅವಳು ಮಾತಾಡಿದರೂ ನಿಮಗೆ ಮುಖವಾಡವೇ ಕಾಣುತ್ತದೆ. ಇಲ್ಲದ ಬಿರುಕು ಹೀಗೇ ಹುಟ್ಟುವುದು. ಈ ಒಂದು ಕಾರಣಕ್ಕೆ, ಎದುರಿಗೆ ಇಲ್ಲದವರ ಮನಸ್ಸನ್ನು ಓದಲು ಕಾರ್ಡ್ ತೆಗೆಯಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅದೇ ಪ್ರಶ್ನೆಯನ್ನು ನಿಮ್ಮ ಕಡೆಗೆ ತಿರುಗಿಸಿ. ‘ಈ ಗೆಳೆತನದಲ್ಲಿ ನನಗೆ ಈಗ ಏನು ಸಾಲುತ್ತಿಲ್ಲ?’ ‘ನಾನು ಅವಳಿಗೆ ಹೇಳದೆ ಉಳಿಸಿಕೊಂಡ ಮಾತು ಯಾವುದು?’ ‘ಅವಳಿಂದ ನಾನು ಏನೇನು ಪಡೆದಿದ್ದೇನೆ?’ ‘ಅವಳು ಬದಲಾಗಿದ್ದಾಳೆ ಅಂತೀನಲ್ಲ, ನಾನು ಎಷ್ಟು ಬದಲಾಗಿದ್ದೇನೆ?’ ಇದರಲ್ಲಿ ಕೊನೆಯ ಪ್ರಶ್ನೆ ಕಷ್ಟದ್ದು. ಹಳೆಯ ಗೆಳೆತನಗಳಿಗೆ ಅದೇ ಜಾಸ್ತಿ ಬೇಕಾಗಿರುತ್ತದೆ ಅಂತ ನನ್ನ ಅನಿಸಿಕೆ.

ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ಆಮೇಲೆ ಕಾರ್ಡ್ ಕಲೆಸಿ, ಒಂದೇ ಒಂದು ತೆಗೆಯಿರಿ. ಜೊತೆಗೆ ಬಂದ ಪುಟ್ಟ ಪುಸ್ತಕವನ್ನು ತಕ್ಷಣ ತೆರೆಯಬೇಡಿ. ಮೊದಲು ಚಿತ್ರ ನೋಡಿ. ಕಣ್ಣು ಎಲ್ಲಿಗೆ ಹೋಗುತ್ತದೆ? ಚಿತ್ರದಲ್ಲಿ ನೀವು ಎಲ್ಲಿದ್ದೀರಿ, ಅವಳು ಎಲ್ಲಿದ್ದಾಳೆ? ತೋಚಿದ್ದನ್ನು ಎರಡು ಮೂರು ಸಾಲು ಬರೆದ ಮೇಲೆ ಪುಸ್ತಕ ನೋಡಿ. ಅದು ಹೇಳುವ ಅರ್ಥ ನಿಮಗೆ ಒಪ್ಪಿಗೆ ಆಗದಿದ್ದರೆ ಇನ್ನೂ ಒಳ್ಳೆಯದು. ‘ಛೇ, ಇದಲ್ಲ’ ಅನ್ನಿಸಿತು ಅಂದರೆ ಯಾವುದು ಹೌದು ಅಂತ ನಿಮಗೆ ಆಗಲೇ ಗೊತ್ತಿದೆ ಅಂತ ಅರ್ಥ. ಅದನ್ನೂ ಬರೆಯಿರಿ. ಮನಸ್ಸಿಗೆ ಹಿಡಿಸುವ ಕಾರ್ಡ್ ಬರುವ ತನಕ ಮತ್ತೆ ಮತ್ತೆ ತೆಗೆಯುವುದು ಮಾತ್ರ ಬೇಡ.

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಗೆಳತಿಯೊಂದಿಗೆ ಮಾತು ಪೂರ್ತಿ ನಿಂತಿರಲಿಲ್ಲ, ಆದರೆ ಬರೀ ನಗೆಹನಿ ಕಳಿಸುವುದು, ಹಬ್ಬಕ್ಕೆ ಶುಭಾಶಯ ಹೇಳುವುದು, ಅಷ್ಟೇ ಆಗಿತ್ತು. ನಮ್ಮ ನಡುವೆ ಏನು ಕಡಿಮೆಯಾಗಿದೆ ಅಂತ ಕೇಳಿ ಒಂದು ಕಾರ್ಡ್ ತೆಗೆದೆ. ಬಾವಿಯ ಚಿತ್ರ ಬಂತು. ಪುಸ್ತಕದಲ್ಲಿ ಅದಕ್ಕೆ ‘ಸಮೃದ್ಧಿ’ ಅಂತ ಇತ್ತು. ನನಗೆ ಕಂಡದ್ದು ಬೇರೆ. ಬಾವಿ ತುಂಬಿದೆ, ಆದರೆ ಹಗ್ಗವೂ ಇಲ್ಲ, ಕೊಡವೂ ಇಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನಿಜವಾದ ಒಂದು ಪ್ರಶ್ನೆಯನ್ನೂ ಕೇಳದೆ ಎಷ್ಟೋ ಕಾಲವಾಗಿತ್ತು. ಆಗಲೇ ಅವಳಿಗೆ ಬರೆದೆ: ‘ಈಗ ನಿನ್ನ ತಲೆಯಲ್ಲಿ ಜಾಸ್ತಿ ಓಡುತ್ತಿರುವುದು ಏನು?’ ರಾತ್ರಿ ಅವಳ ಉದ್ದನೆಯ ವಾಯ್ಸ್ ಮೆಸೇಜ್ ಬಂತು. ಅದರಲ್ಲಿದ್ದ ವಿಷಯ ಇಲ್ಲಿ ಬೇಡ. ಆದರೆ ಆಮೇಲೆ ನಮ್ಮ ಮಾತಿನ ಧಾಟಿಯೇ ಬದಲಾಯಿತು.

ಕಾರ್ಡ್ ತೆಗೆದು, ಯೋಚಿಸಿ, ಬರೆದು, ಅಲ್ಲಿಗೇ ಬಿಟ್ಟರೆ ನಿಮ್ಮ ಮನಸ್ಸು ಹಗುರಾಗಬಹುದು. ಗೆಳತಿಗೆ ಮಾತ್ರ ಏನೂ ತಲುಪಿರುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಅವಳಿಗೆ ಮುಟ್ಟುವ ಒಂದು ಚಿಕ್ಕ ಕೆಲಸ ಮಾಡಿ. ಒಂದು ಫೋನ್, ಹಳೆಯ ಫೋಟೋ ಒಂದು, ‘ನೆನಪಾಯಿತು’ ಎಂಬ ಒಂದು ಸಾಲು. ಇಷ್ಟು ದಿನ ಬಿಟ್ಟು ಈಗ ಮೆಸೇಜ್ ಮಾಡಿದರೆ ಏನಂದುಕೊಳ್ಳುತ್ತಾಳೋ ಅಂತ ಹಿಂಜರಿಕೆ ಆಗುವುದು ಸಹಜ. ಪೆಗ್ಗಿ ಲಿಯು ಎಂಬ ಸಂಶೋಧಕಿ ಮತ್ತು ಜೊತೆಗಾರರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆಯೇ ಇದೆ. ಹೀಗೆ ನೆನಪಿಸಿಕೊಂಡು ಸಂಪರ್ಕಿಸಿದರೆ ಎದುರಿನವರಿಗೆ ಎಷ್ಟು ಖುಷಿ ಆಗುತ್ತದೆ ಅಂತ ನಾವು ಊಹಿಸುವುದು ಸಾಮಾನ್ಯವಾಗಿ ಕಡಿಮೆಯೇ. ನಿರೀಕ್ಷೆ ಇಲ್ಲದಾಗ ಬಂದರಂತೂ ಖುಷಿ ಇನ್ನೂ ಜಾಸ್ತಿ.

ಸಮಯದ ವಿಷಯವೂ ಇದೆ. ಜೆಫ್ರಿ ಹಾಲ್ ಎಂಬ ಸಂಶೋಧಕರ ಲೆಕ್ಕದಲ್ಲಿ ಪರಿಚಯ ಸಾಮಾನ್ಯ ಗೆಳೆತನ ಆಗಲು ಸುಮಾರು 50 ಗಂಟೆ ಜೊತೆಗೆ ಕಳೆದಿರಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗಿಂತ ಜಾಸ್ತಿ. ನೀವಿಬ್ಬರೂ ಅದನ್ನು ಎಂದೋ ದಾಟಿರುತ್ತೀರಿ. ಹಾಗಂತ ಮುಂದೆ ಸಮಯ ಬೇಡ ಅಂತಲ್ಲ.

ಅವಳಿಗೂ ಇಷ್ಟ ಇದ್ದರೆ ಕಾರ್ಡನ್ನು ಇಬ್ಬರೂ ಕೂತು ನೋಡಬಹುದು. ನನಗೆ ಎಲ್ಲಕ್ಕಿಂತ ಪ್ರೀತಿಯ ಬಳಕೆ ಇದೇ. ನೀವು ಒಂದು ತೆಗೆಯಿರಿ, ಅವಳು ಒಂದು ತೆಗೆಯಲಿ. ನಿಮ್ಮ ಕಾರ್ಡಿನ ಬಗ್ಗೆ ನೀವೇ ಮಾತಾಡಿ, ಅವಳ ಕಾರ್ಡಿನ ಬಗ್ಗೆ ಅವಳೇ. ಇನ್ನೊಬ್ಬರು ಅರ್ಥ ಹೇಳುವ ಹಾಗಿಲ್ಲ, ಪ್ರಶ್ನೆ ಮಾತ್ರ ಕೇಳಬಹುದು. ನೇರವಾಗಿ ಕೂತು ‘ನಮ್ಮ ಗೆಳೆತನದ ಬಗ್ಗೆ ಮಾತಾಡೋಣ’ ಅಂದರೆ ಗಂಟಲು ಕಟ್ಟುತ್ತದೆ. ಕಣ್ಣು ಚಿತ್ರದ ಮೇಲಿದ್ದರೆ ಮಾತು ತಾನಾಗಿ ಬರುತ್ತದೆ. ಅಂಗಡಿಯ ಕಾರ್ಡೇ ಬೇಕು ಅಂತಲೂ ಇಲ್ಲ. ಖಾಲಿ ರಟ್ಟಿನ ಚೂರುಗಳ ಮೇಲೆ ಇಬ್ಬರೂ ಸೇರಿ ನಿಮ್ಮ ನೆನಪುಗಳನ್ನೇ ಬರೆಯಿರಿ: ಒಟ್ಟಿಗೆ ಹೋದ ಜಾಗ, ಆಡಿದ ಜಗಳ, ನಿಮಗಿಬ್ಬರಿಗೇ ಗೊತ್ತಿರುವ ಅಡ್ಡಹೆಸರು. ಅಂಥ ಕಟ್ಟು ಇನ್ಯಾರ ಹತ್ತಿರವೂ ಇರುವುದಿಲ್ಲ.

ಕೆಲವು ಕಡೆ ಕಾರ್ಡ್ ಬೇಡವೇ ಬೇಡ. ಗೆಳತಿ ತೊಂದರೆಯಲ್ಲಿದ್ದಾಳೆ ಅಂತ ಗೊತ್ತಾದರೆ ಕಲೆಸುತ್ತಾ ಕೂರಬೇಡಿ, ಫೋನ್ ಮಾಡಿ. ಯಾರೋ ಪದೇ ಪದೇ ನಿಮ್ಮನ್ನು ಕೀಳಾಗಿ ನಡೆಸಿಕೊಳ್ಳುತ್ತಿದ್ದರೆ ‘ತಾಳ್ಮೆ’ ಕಾರ್ಡ್ ಬಂತು ಅಂತ ಸಹಿಸಿಕೊಂಡು ಇರಬೇಡಿ. ಹಾಗೆಯೇ ‘ಕಾರ್ಡ್ ಹೀಗಂತು’ ಅಂತ ಹೇಳಿ ಯಾರನ್ನೂ ದೂರ ಮಾಡಬೇಡಿ. ಬಿಡುವುದಾದರೆ ಅದು ನಿಮ್ಮ ತೀರ್ಮಾನ ಆಗಿರಲಿ.

ನಿಮ್ಮ ವಿಷಯಕ್ಕೆ ಬಂದರೆ, ಇವತ್ತು ಒಂದು ಕಾರ್ಡ್ ಸಾಕು. ‘ನಾನು ಅವಳನ್ನು ಯಾವುದಕ್ಕಾಗಿ ಇಷ್ಟು ಹುಡುಕುತ್ತಿದ್ದೇನೆ?’ ಅಂತ ಕೇಳಿ. ಬಂದದ್ದನ್ನು ಬರೆದುಕೊಳ್ಳಿ, ಅದರಲ್ಲಿ ಅವಳಿಗೆ ಹೇಳಬಹುದಾದ ಒಂದು ಸಾಲು ಆರಿಸಿ ಕಳಿಸಿ. ದೂರು ಬೇಡ, ‘ನೀನು ಯಾಕೆ ಮಾತಾಡುತ್ತಿಲ್ಲ’ ಬೇಡ. ‘ನಿನ್ನ ಜೊತೆ ಕೂತು ಮಾತಾಡದೆ ತುಂಬ ದಿನ ಆಯಿತು, ಈ ವಾರ ಯಾವಾಗ ಬಿಡುವು?’ ಅಂದರೂ ಸಾಕು. ಉತ್ತರ ತಡವಾದರೆ, ಬರುವ ತನಕ ಅವಳ ಬಗ್ಗೆ ಇನ್ನೊಂದು ಕಾರ್ಡ್ ತೆಗೆಯಬೇಡಿ.