ಗೇರ್‌ಬಾಕ್ಸ್ ಬದಲಿಸಿದರೆ ಹಳೇ ಕ್ಲಚ್ ನಡೆಯುತ್ತಾ?

1990ರ ಸುಮಾರಿನ 5.0 ಲೀಟರ್ ಫೋರ್ಡ್ ಮಸ್ಟಾಂಗ್‌ನ ಟಿ5 ಗೇರ್‌ಬಾಕ್ಸ್ ತೆಗೆದು ಟ್ರೆಮೆಕ್ ಕಂಪನಿಯ ಟಿಕೆಎಕ್ಸ್ ಗೇರ್‌ಬಾಕ್ಸ್ ಹಾಕಿದರೆ ಹಳೇ ಕ್ಲಚ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಕ್ಲಚ್ ಪ್ಲೇಟನ್ನಂತೂ ಬದಲಿಸಲೇಬೇಕು.

ಕಾರಣ ಪ್ಲೇಟಿನ ನಡುವಿನ ತೂತಿನಲ್ಲಿದೆ. ಅದರೊಳಗಿನ ಹಲ್ಲುಗಳು ಗೇರ್‌ಬಾಕ್ಸಿನಿಂದ ಹೊರಬಂದ ಶಾಫ್ಟಿನ ಗೀರುಗಳಿಗೆ ಕೂರಬೇಕು. ಟಿ5 ಶಾಫ್ಟಿಗೆ 10 ಗೀರು, ಟಿಕೆಎಕ್ಸ್‌ಗೆ 26. ಹಳೇ ಪ್ಲೇಟ್ ಒಳಗೆ ಹೋಗುವುದೇ ಇಲ್ಲ. ಜೋಡಿಸುವ ಮೊದಲು ಹೊಸ ಪ್ಲೇಟನ್ನು ಶಾಫ್ಟಿನ ಮೇಲೆ ಕೈಯಿಂದ ಜಾರಿಸಿ ನೋಡಿ. ಎಲ್ಲೂ ಹಿಡಿಯದೆ, ಜಾಸ್ತಿ ಅಲ್ಲಾಡದೆ ಸರಾಗವಾಗಿ ಓಡಾಡಬೇಕು.

ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಮಾತ್ರ ಎಂಜಿನ್ ಕಡೆಯದು. ಅದು ಫ್ಲೈವೀಲಿನ, ಅಂದರೆ ಎಂಜಿನ್ನಿನ ತುದಿಯಲ್ಲಿರುವ ಭಾರದ ಚಕ್ರದ, ಬೋಲ್ಟ್ ತೂತುಗಳಿಗೆ ಹೊಂದಬೇಕು.

ಇನ್ನು ಹಿಡಿತ. ಎಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, ಎಷ್ಟಿದೆಯೋ ಅದಕ್ಕಿಂತ ಸ್ವಲ್ಪ ಜಾಸ್ತಿ ತಡೆಯುವ ಕ್ಲಚ್ ತಗೊಳ್ಳಿ. ಕಡಿಮೆಯಾದರೆ ಜಾರಿ ಸುಡುತ್ತದೆ. ಆದರೆ ಸುಮ್ನೆ ಅತಿ ಗಟ್ಟಿಯದನ್ನು ಹಾಕಬೇಡಿ. ಪೆಡಲ್ ಫಕ್ಕನೆ ಬಿಟ್ಟಾಗ ಕ್ಲಚ್ ಒಂದು ಕ್ಷಣ ಜಾರಿ ಆ ಏಟನ್ನು ನುಂಗಿಕೊಳ್ಳುತ್ತದೆ. ಜಾರದಿದ್ದರೆ ಏಟು ನೇರ ಗೇರಿನ ಹಲ್ಲುಗಳಿಗೆ, ಅಲ್ವಾ? ಟಿಕೆಎಕ್ಸ್ ಸುಮಾರು 800 ನ್ಯೂಟನ್ ಮೀಟರ್ ತಡೆಯುತ್ತದೆ, ಹಾಗಾಗಿ ಗಟ್ಟಿ. ಹಳೇ ಟಿ5 ಅಷ್ಟು ತಾಳುವುದಿಲ್ಲ.

ಕ್ಲಚ್ ಪ್ಲೇಟ್ ಭಾರವಿದ್ದಷ್ಟೂ ವೇಗದಲ್ಲಿ ಗೇರ್ ಬೀಳುವುದು ಕಷ್ಟ. ಪ್ರತಿ ಸಲ ಗೇರ್ ಹಾಕುವಾಗ ಸಿಂಕ್ರೊನೈಸರ್, ಅಂದರೆ ಗೇರುಗಳ ವೇಗ ಸರಿಹೊಂದಿಸುವ ಭಾಗ, ಆ ತಿರುಗುವ ತೂಕದ ವೇಗವನ್ನೂ ಹೊಂದಿಸಬೇಕು. ರಸ್ತೆಯಲ್ಲಿ ದಿನವೂ ಓಡಿಸುವ ಕಾರಿಗೆ ನಾನಂತೂ ಹಗುರವಾದ, ಮೆತ್ತಗೆ ಹಿಡಿಯುವ ಆರ್ಗ್ಯಾನಿಕ್ ಲೈನಿಂಗ್ (ನಾರು, ರಾಳ ಬೆರೆಸಿದ ಹಿಡಿತದ ಪದರ) ಇರುವ ಪ್ಲೇಟನ್ನೇ ಹಾಕುತ್ತೇನೆ.