ದೋಮಿಯೆ ಹೆದರಿ ರಂಗಮಂದಿರ ಹೊಕ್ಕನೇ?

ರಾಜನನ್ನು ಗೇಲಿ ಮಾಡಿ ಜೈಲು ಕಂಡ, ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವ್ಯಂಗ್ಯಚಿತ್ರಕಾರ ಒನೊರೆ ದೋಮಿಯೆ ಆಮೇಲೆ ನಟರು, ನಾಟಕ, ಪ್ರೇಕ್ಷಕರು ಎಂದು ನಿರಪಾಯದ ವಿಷಯ ಹಿಡಿದದ್ದು ಹೇಡಿತನವಲ್ಲವೇ ಎಂದು ಕೇಳಿದ್ದೀರಿ. ಪ್ಯಾರಿಸ್ಸಿನಲ್ಲಿ ಆಗ ನಾಟಕ ನಿರಪಾಯದ ವಿಷಯವಾಗಿತ್ತು ಎಂಬುದನ್ನೇ ನಾನು ಒಪ್ಪುವುದಿಲ್ಲ.

ಲೂಯಿ ಫಿಲಿಪ್ ದೊರೆಯನ್ನು ಪ್ರಜೆಗಳ ದುಡ್ಡು ನುಂಗುವ ದೈತ್ಯನಾಗಿ ಚಿತ್ರಿಸಿದ್ದಕ್ಕೆ ದೋಮಿಯೆ 1832ರಲ್ಲಿ ಸೆರೆಮನೆ ಸೇರಿದ. 1835ರ ಜುಲೈಯಲ್ಲಿ ದೊರೆಯ ಮೇಲೆ ಹತ್ಯಾಯತ್ನ ನಡೆದದ್ದೇ ನೆಪವಾಗಿ ಸೆಪ್ಟೆಂಬರಿನಲ್ಲಿ ಹೊಸ ಕಾಯಿದೆ ಬಂತು. ಬರವಣಿಗೆ ಅಭಿಪ್ರಾಯ ಮಾತ್ರ, ಆದರೆ ಚಿತ್ರ ಮತ್ತು ನಾಟಕ ಕೃತ್ಯಗಳೇ ಆಗಿಬಿಡುತ್ತವೆ ಎಂಬುದು ಸರ್ಕಾರದ ವಾದ. ಹಾಗಾಗಿ ಎರಡಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕಾಯಿತು. ವ್ಯಂಗ್ಯಚಿತ್ರಕಾರನನ್ನೂ ನಟನನ್ನೂ ಒಂದೇ ಗೂಟಕ್ಕೆ ಕಟ್ಟಿದ ಕಾಯಿದೆ ಇದು.

ರೋಬೆರ್ ಮಕೇರ್‌ನ ಕಥೆ ನೋಡಿ. ಗಂಭೀರವಾಗಿ ಬರೆದಿದ್ದ ಒಂದು ಮೆಲೋಡ್ರಾಮಾದ ಕಳ್ಳನ ಪಾತ್ರ ಅದು. ನಟ ಫ್ರೆಡರಿಕ್ ಲೆಮೆತ್ರ್ ಅದನ್ನು ಹರಕು ಬಟ್ಟೆಯ, ಮಾತಿನ ಮಲ್ಲನಾದ ಠಕ್ಕನನ್ನಾಗಿ ತಿರುಗಿಸಿದ. ಜನ ಮುಗಿಬಿದ್ದರು. 1834ರಲ್ಲಿ ಮಕೇರ್ ಹೆಸರಿನಲ್ಲೇ ಹೊಸ ನಾಟಕ ಬಂತು, ಮುಂದೆ ನಿಷೇಧವೂ ಬಂತು. ರಂಗದಿಂದ ಓಡಿಸಿದ ಈ ಪಾತ್ರವನ್ನು 1836ರಲ್ಲಿ ದೋಮಿಯೆ ‘ಶರಿವಾರಿ’ ಎಂಬ ವಿಡಂಬನ ಪತ್ರಿಕೆಯ ಪುಟಕ್ಕೆ ತಂದ. ಎರಡು ವರ್ಷಗಳಲ್ಲಿ ನೂರು ಶಿಲಾಮುದ್ರಣಗಳು, ಅಂದರೆ ಕಲ್ಲಿನ ಮೇಲೆ ಎಳೆದು ಅಚ್ಚೊತ್ತಿದ ಚಿತ್ರಗಳು. ಮಕೇರ್ ಒಮ್ಮೆ ವಕೀಲ, ಒಮ್ಮೆ ವೈದ್ಯ, ಒಮ್ಮೆ ಷೇರು ಮಾರುವವನು. ಮೊದಲನೆಯದರಲ್ಲೇ ಬ್ಯಾಂಕ್ ತೆರೆಯೋಣ ಎನ್ನುತ್ತಾನೆ. ಪೊಲೀಸರು ಬಂದರೆ ಎಂದು ಜೊತೆಗಾರ ಬೆರ್ತ್ರಾನ್ ಕೇಳಿದಾಗ, ಕೋಟ್ಯಧೀಶನನ್ನು ಯಾರಾದರೂ ಹಿಡಿಯುತ್ತಾರೆಯೇ ದಡ್ಡ ಎಂದು ಗದರುತ್ತಾನೆ. ಇದನ್ನು ಚಿತ್ರಿಸಿದವನನ್ನು ಹೇಡಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಲೆಮೆತ್ರ್ ಕೂಡ ಸುಮ್ಮನಿರಲಿಲ್ಲ. 1840ರಲ್ಲಿ ಕಾದಂಬರಿಕಾರ ಬಾಲ್ಜಾಕ್‌ನ ‘ವೋತ್ರಾನ್’ ನಾಟಕದಲ್ಲಿ ದೊರೆಯನ್ನು ಹೋಲುವ ವಿಗ್ ಧರಿಸಿ ರಂಗಕ್ಕೆ ಬಂದ. ಒಂದೇ ಪ್ರದರ್ಶನಕ್ಕೆ ನಾಟಕ ನಿಂತಿತು.

ನಿಮ್ಮ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ, ಇಲ್ಲವೆನ್ನುವುದಿಲ್ಲ. ಗ್ರೀಕ್, ರೋಮನ್ ವೀರರ ವೇಷದ ಬೊಜ್ಜು ನಟರನ್ನು ಆಡಿಕೊಳ್ಳುವ 1841ರ ಸರಣಿಯಿಂದ ಯಾವ ಮಂತ್ರಿಯ ನಿದ್ದೆಯೂ ಕೆಟ್ಟಿರಲಾರದು. ಆದರೆ 1848ರ ಕ್ರಾಂತಿಯಲ್ಲಿ ದೊರೆ ಓಡಿಹೋಗಿ ಕಟ್ಟು ಸಡಿಲವಾದ ಮೇಲೆ ದೋಮಿಯೆ ಮತ್ತೆ ರಾಜಕೀಯಕ್ಕೆ ಇಳಿದ. 1851ರ ಡಿಸೆಂಬರಿನಲ್ಲಿ ಅಧ್ಯಕ್ಷ ಲೂಯಿ ನೆಪೋಲಿಯನ್ ಅಧಿಕಾರ ಕಿತ್ತುಕೊಂಡಾಗ ಮತ್ತೆ ಬಾಯಿ ಕಟ್ಟಿತು.

ನನಗೆ ಅತ್ಯಂತ ಇಷ್ಟವಾದದ್ದು ಅದರ ಮರುವರ್ಷ, 1852ರಲ್ಲಿ, ಬಂದ ಚಿತ್ರ: ದುರಂತ ನಾಟಕ ನಡೆಯುತ್ತಿರುವಾಗಿನ ವಾದ್ಯವೃಂದ. ಮೇಲಂಚಿನಲ್ಲಿ ನಟರ ಕಾಲು ಮತ್ತು ನಿಲುವಂಗಿಯ ಅಂಚು ಮಾತ್ರ ಕಾಣುತ್ತವೆ. ಮಾತು, ಮುಖ, ಕಣ್ಣೀರು ಎಲ್ಲವೂ ಚೌಕಟ್ಟಿನ ಆಚೆ. ಕೆಳಗೆ ವಾದಕರು ಆಕಳಿಸುತ್ತಾ, ತೂಕಡಿಸುತ್ತಾ ಕೂತಿದ್ದಾರೆ. ಎಲ್ಲರ ಕಣ್ಣು ರಂಗದ ಮೇಲಿರುವ ಊರಿನಲ್ಲಿ ಇವನೊಬ್ಬ ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ವಾದಕರ ಬೇಸರವನ್ನು ನೋಡಿದ. ಚಿತ್ರಕಾರ ಡೆಗಾನ ವಾದ್ಯವೃಂದದ ವರ್ಣಚಿತ್ರದಲ್ಲೂ ನರ್ತಕಿಯರ ತಲೆಗಳು ಚೌಕಟ್ಟಿನಿಂದ ಹೊರಗಿವೆ. ಅವನು ದೋಮಿಯೆಯ ಮುದ್ರಣಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದವನು ಎಂಬುದನ್ನು ಮರೆಯಬೇಡಿ.

ನಾಟಕದ ಕುರಿತ ಬೇರೆ ಚಿತ್ರಗಳಲ್ಲಿ ಗುರಿ ಹೆಚ್ಚಾಗಿ ಪ್ರೇಕ್ಷಕನೇ: ಐದನೆಯ ಅಂಕಕ್ಕೆ ಸಾಲಾಗಿ ಅಳುವವರು, ಚಪ್ಪಾಳೆ ತಟ್ಟಲೆಂದೇ ಬಾಡಿಗೆಗೆ ಬಂದವರು. ಒಂದು ಸಲಹೆ. ಇವುಗಳನ್ನು ನೋಡುವಾಗ ಅಡಿಬರಹವನ್ನು ಕೊನೆಗೆ ಓದಿ. ಮಕೇರ್ ಸರಣಿಯ ಮಾತುಗಳು ಸಂಪಾದಕ ಫಿಲಿಪಾನ್‌ನವು. ಬೇರೆಯವುಗಳಲ್ಲೂ ಅಡಿಬರಹ ಎಷ್ಟೋ ಬಾರಿ ಪತ್ರಿಕೆಯ ಬರಹಗಾರರದು. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಎಳೆದ ಗೆರೆ ಮಾತ್ರ ಅವನದು.