ಸಂಗೀತ ರಚನಕಾರ ಮೊಟ್ಸಾರ್ಟ್ ಹುಟ್ಟುವ ಮೊದಲೇ ತೀರಿಕೊಂಡಿದ್ದ ಹಿರಿಯ ರಚನಕಾರ ಬಾಖ್ ಅವನ ಮೇಲೆ ಪ್ರಭಾವ ಬೀರಿದ್ದು ಹೇಗೆ?

ಮುಖ್ಯವಾಗಿ ಕೈಬರಹದ ಪ್ರತಿಗಳ ಮೂಲಕ. ಯೋಹಾನ್ ಸೆಬಾಸ್ಟಿಯನ್ ಬಾಖ್ ತೀರಿಕೊಂಡದ್ದು 1750ರಲ್ಲಿ, ಮೊಟ್ಸಾರ್ಟ್ ಹುಟ್ಟಿದ್ದು 1756ರಲ್ಲಿ. ಬಾಖ್‌ನ ಹೆಚ್ಚಿನ ಕೃತಿಗಳು ಆಗಿನ್ನೂ ಅಚ್ಚಾಗಿರಲಿಲ್ಲ. ಅವುಗಳ ಪ್ರತಿಗಳನ್ನು ಕೂಡಿಟ್ಟಿದ್ದ ವಾನ್ ಸ್ವೀಟನ್ ಎಂಬ ಶ್ರೀಮಂತನ ವಿಯೆನ್ನಾ ಮನೆಗೆ ಮೊಟ್ಸಾರ್ಟ್ 1782ರಲ್ಲಿ ಭಾನುವಾರಗಳಂದು ಹೋಗುತ್ತಿದ್ದ.

ಅಲ್ಲಿ ಬಾಖ್‌ನ ಸಂಗೀತವನ್ನು ಕೇಳಿ ಅವನು ಸುಮ್ಮನಾಗಲಿಲ್ಲ. ಬಾಖ್‌ನ ಕೆಲವು ಫ್ಯೂಗ್‌ಗಳನ್ನು, ಅಂದರೆ ಒಂದೇ ಸ್ವರಗುಚ್ಛವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಂಡು ಹೆಣೆಯುವ ರಚನೆಗಳನ್ನು, ನಾಲ್ಕು ತಂತಿವಾದ್ಯಗಳಿಗೆ ಹೊಂದಿಸಿ ಬರೆದ. ಎಲ್ಲಕ್ಕಿಂತ ದೊಡ್ಡ ಪಾಠ ಇದೇ ಎಂದು ನನಗನ್ನಿಸುತ್ತದೆ: ಒಂದೊಂದೇ ಸ್ವರವನ್ನು ಬರೆಯುತ್ತಾ ಹೋದಂತೆ ಹೆಣಿಗೆಯ ಒಳಗಟ್ಟು ಕೈಗೆ ಹತ್ತುತ್ತದೆ. 1788ರಲ್ಲಿ ಮೊಟ್ಸಾರ್ಟ್ ಬರೆದ ‘ಜುಪಿಟರ್’ ಸಿಂಫನಿಯ, ಅಂದರೆ ವಾದ್ಯವೃಂದಕ್ಕಾಗಿ ಬರೆದ ದೊಡ್ಡ ರಚನೆಯ, ಕೊನೆಯ ಭಾಗವನ್ನು ಕೇಳಿ. ಅಲ್ಲಿ ಐದು ಸ್ವರಗುಚ್ಛಗಳು ಏಕಕಾಲಕ್ಕೆ ಹೆಣೆದುಕೊಳ್ಳುತ್ತವೆ.